ಸಾಹೇಬರ ಕಾಲು ನೆಲ ಮುಟ್ಟಿದ್ದು

"ಬೆನ್ನುನೋವು ಅನ್ನೋದು ಸೋಮಾರಿಗಳ ಆಸ್ತಿ ಕಣಯ್ಯ! ನನ್ನನ್ನ ನೋಡು. ಬೆಳಿಗ್ಗೆ ಕೂತರೆ ಸಂಜೆ ಏಳೋದು. ಒಂದೇ ಒಂದು ದಿನ ನಾನು ಸೊಂಟ ಹಿಡ್ಕೊಂಡು ನಿಂತಿದ್ದು ನೋಡಿದ್ದೀಯಾ? ಈ ಬೆನ್ನು ಡಾಕ್ಟರ ಮುಖ ನೋಡಿಲ್ಲ, ನೋಡೋದೂ ಇಲ್ಲ. ಬೇಕಾದ್ರೆ ಬರೆದಿಟ್ಕೋ!"

ವಿಮಾ ಕಂಪನಿಯ ಕ್ಲೇಮು ವಿಭಾಗದ ಸಾಹೇಬರು ಹೀಗೆ ಗುಡುಗಿದ್ದು ತಮ್ಮ ಸಹಾಯಕನ ಮೇಲೆ. ಆತ ಆರಡಿ ಮೀರಿ ಬೆಳೆದ ಆಸಾಮಿ. ಕಚೇರಿಯಲ್ಲಿ ಎಲ್ಲರೂ ಕರೆಯುವುದು ಕಂಬ ಎಂದೇ. ಸೊಂಟ ನೋಯುತ್ತಿದೆ, ಅರ್ಧ ದಿನ ರಜೆ ಬೇಕು ಎಂದು ಕೇಳಲು ಬಂದಿದ್ದ. ಎದುರಿನ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವ ಹಾಗೆ ಮುದುಡಿ ಕೂತು, ಸಾಹೇಬರನ್ನು ಕತ್ತೆತ್ತಿ ನೋಡುತ್ತಾ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, "ಸರಿ ಸಾರ್" ಎಂದು ನರಳುತ್ತಾ ಎದ್ದುಹೋದ.

ಆರಡಿ ಮನುಷ್ಯ ಸಾಹೇಬರನ್ನು ಕತ್ತೆತ್ತಿ ನೋಡುತ್ತಿದ್ದ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಯಾಕೆಂದರೆ ಸಾಹೇಬರು... ಕುಳ್ಳಗಿದ್ದರು ಎನ್ನುವುದು ಒರಟು ಮಾತಾಯಿತು. ದೇವರು ಅವರನ್ನು ಮಾಡುವಾಗ ಮಣ್ಣಿನಲ್ಲಿ ಸ್ವಲ್ಪ ಉಳಿತಾಯ ಮಾಡಿದ್ದ, ಅಷ್ಟೇ. ಉಳಿಸಿದ ಮಣ್ಣನ್ನೆಲ್ಲ ತೆಗೆದು ಕಂಬನಿಗೆ ಮೆತ್ತಿದ ಎಂಬುದು ಅವರ ಬಹಳ ದಿನದ ಗುಮಾನಿ.

ಆದ್ದರಿಂದ ವಿಭಾಗದ ಪಟ್ಟಕ್ಕೇರಿದ ಮೊದಲ ವಾರವೇ ಸಾಹೇಬರು ಎರಡು ಆಡಳಿತ ಸುಧಾರಣೆಗಳನ್ನು ಜಾರಿಗೆ ತಂದಿದ್ದರು. ತಮ್ಮ ತಿರುಗುವ ಕುರ್ಚಿಯನ್ನು ಅದು ಏರುವಷ್ಟೂ ಏರಿಸಿ, ಮೇಲೊಂದು ದಪ್ಪ ದಿಂಬು ಹಾಕಿದರು. ಆಮೇಲೆ ಒಂದು ರಜಾದಿನ ಬಡಗಿಯನ್ನು ಕರೆಸಿ, ಎದುರಿನ ಕುರ್ಚಿಯ ಕಾಲುಗಳನ್ನು ಗುಟ್ಟಾಗಿ ಕುಯ್ಯಿಸಿದರು. ಅಂದಿನಿಂದ ಆ ಕೋಣೆಗೆ ಯಾರೇ ಬಂದರೂ, ಕೋಟೆಯಂತೆ ಪೇರಿಸಿದ ಕ್ಲೇಮು ಫೈಲುಗಳ ಮೇಲೆ ಸಾಹೇಬರು ಸಿಂಹಾಸನ ಏರಿದಂತೆ ಕಾಣುತ್ತಿದ್ದರು. ಕೊರತೆ ಒಂದೇ. ಅವರ ಕಾಲು ನೆಲ ಮುಟ್ಟುತ್ತಿರಲಿಲ್ಲ! ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಳಿಯಲ್ಲಿ ಜೋತಾಡುತ್ತಿದ್ದವು. ಎಲ್ಲೋ ಕೆಳಗಿದ್ದ ಮೇಜಿನ ಮೇಲೆ ಸಹಿ ಹಾಕಲು ಪ್ರತಿ ಸಲವೂ ಬಾವಿಗೆ ಬಗ್ಗಿದ ಹಾಗೆ ಬಗ್ಗಬೇಕಿತ್ತು. ಆದರೆ ಮೇಜಿನ ಮುಂಭಾಗಕ್ಕೆ ನೆಲದ ತನಕ ಹಲಗೆ ಹೊಡೆದಿದ್ದರಿಂದ ಈ ಗುಟ್ಟು ಸಾಹೇಬರನ್ನೂ ಅವರ ಬೂಟುಗಳನ್ನೂ ಬಿಟ್ಟು ಮೂರನೆಯವರಿಗೆ ತಿಳಿದಿರಲಿಲ್ಲ. ಹೆಂಡತಿಗೂ ತಿಳಿದಿರಲಿಲ್ಲ.

ಕಂಬನನ್ನು ಬೈದ ಮಾರನೆಯ ಬೆಳಿಗ್ಗೆಯೇ ಸಾಹೇಬರು ಕಾಲುಚೀಲ ಹಾಕಿಕೊಳ್ಳಲು ಬಗ್ಗಿದರು. ಸೊಂಟದಲ್ಲಿ ಏನೋ ಕಟಕ್ ಎಂದಿತು. ಬಗ್ಗಿದವರು ಬಗ್ಗಿದಂತೆಯೇ ಉಳಿದರು.

"ಏನ್ರೀ ಹುಡುಕ್ತಿದ್ದೀರಿ?" ಎಂದಳು ಹೆಂಡತಿ, ಅಡುಗೆಮನೆಯಿಂದ ಇಣುಕಿ.

"ಏನೂ ಇಲ್ಲ."

"ಮತ್ಯಾಕೆ ಹಾಗೆ ಬಗ್ಗಿದ್ದೀರಿ?"

"ಯೋಚನೆ ಮಾಡ್ತಿದ್ದೀನಿ."

"ಬಗ್ಗಿಕೊಂಡಾ?!"

ಸಾಹೇಬರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಅವಳು ಕೈಯಲ್ಲಿದ್ದ ಸೌಟು ಬಿಸಾಕಿ ಓಡಿಬಂದಳು. ಮುಲಾಮು ತಿಕ್ಕಿದಳು, ಬಿಸಿನೀರಿನ ಚೀಲ ಇಟ್ಟಳು. ಚೀಲದ ಬಿರಡೆ ಸಡಿಲವಿದ್ದದ್ದು ತಿಳಿದದ್ದು ನೀರು ಬೆನ್ನ ಮೇಲೆ ಇಳಿದಾಗ. ಅಷ್ಟು ಹೊತ್ತು ಏಳಲಾಗದೆ ಬಿದ್ದಿದ್ದ ಸಾಹೇಬರು ಒಂದು ಕ್ಷಣ ಎದ್ದು ನಿಂತು, ಮೊದಲಿಗಿಂತ ಕೆಟ್ಟದಾಗಿ ಮತ್ತೆ ಬಿದ್ದರು. "ಆಯ್ತು, ಇನ್ನು ನನ್ನ ಕೈಲಾಗಲ್ಲ. ನಡೀರಿ ಡಾಕ್ಟರ್ ಹತ್ರ" ಎಂದು ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದಳು.

ಸಾಹೇಬರಿಗೆ ಡಾಕ್ಟರೆಂದರೆ ಬಾಲ್ಯದಿಂದಲೂ ಪ್ರಾಣಭಯ. ಸೂಜಿ ಕಂಡರೆ ಅವರ ರಕ್ತ ತಾನಾಗಿಯೇ ಅಡಗಿಕೊಳ್ಳುತ್ತಿತ್ತು. ಮೂಳೆ ಡಾಕ್ಟರ ಕೋಣೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಮೂಲೆಯಲ್ಲಿ ಹಲ್ಲು ಕಿರಿದು ನಿಂತಿದ್ದ ಅಸ್ಥಿಪಂಜರ. ಅದೂ ತಮಗಿಂತ ಗೇಣುದ್ದ ಎತ್ತರವಿದ್ದದ್ದು ಸಾಹೇಬರ ಮನಸ್ಸಿಗೆ ಬಹಳ ನಾಟಿತು.

ಡಾಕ್ಟರು ಅಲ್ಲಿ ಒತ್ತಿ, ಇಲ್ಲಿ ಅಮುಕಿ, ಕಾಲು ಎತ್ತಿಸಿ ನೋಡಿ ಕೇಳಿದರು. "ಕೂತೇ ಮಾಡೋ ಕೆಲಸ, ಅಲ್ವಾ? ಕೂತಾಗ ಪಾದ ಎರಡೂ ನೆಲಕ್ಕೆ ಊರಿರುತ್ತಾ?"

ಸಾಹೇಬರು ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದರು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಕೂತಲ್ಲೂ ಅವರಿಗಿಂತ ನಾಲ್ಕು ಬೆರಳು ಎತ್ತರ. ಹೇಳುವುದು ಹೇಗೆ? ಇಂಥ ದೊಡ್ಡ ವಿಭಾಗದ ಮುಖ್ಯಸ್ಥ ತೊಟ್ಟಿಲ ಮಗುವಿನ ಹಾಗೆ ಕಾಲು ಜೋತುಬಿಟ್ಟು ಕೂರುತ್ತಾನೆ ಎಂದೇ?

"ಓಹೋ, ಊರಿರುತ್ತೆ! ಭದ್ರವಾಗಿ ಊರಿರುತ್ತೆ!"

ಡಾಕ್ಟರ ಹುಬ್ಬು ಗಂಟಿಕ್ಕಿತು. "ಹಾಗಿದ್ರೆ ಕುರ್ಚಿದಲ್ಲ ತಪ್ಪು. ಒಳಗೇ ಏನೋ ಇರಬೇಕು."

ಒಳಗೇ ಏನೋ! ಆ ಎರಡು ಮಾತು ಅಂದಿನಿಂದ ಸಾಹೇಬರ ಜೊತೆ ಮನೆಗೆ ಬಂದವು, ಊಟಕ್ಕೆ ಕೂತವು, ಹಾಸಿಗೆಯಲ್ಲಿ ಪಕ್ಕಕ್ಕೇ ಮಲಗಿದವು. ಒಳಗೆ ಏನಿರಬಹುದು? ಗಡ್ಡೆಯೇ? ಮೂಳೆ ಪುಡಿಯಾಗುತ್ತಿದೆಯೇ? ಸುಳ್ಳು ಹೇಳಿದ್ದು ತಾವೇ ಎಂಬುದು ಗೊತ್ತಿದ್ದೂ ಅವರಿಗೆ ನಿಜವಾಗಿ ಭಯವಾಗಿತ್ತು.

ಕಚೇರಿಗೆ ಮಾತ್ರ ತಪ್ಪಿಸಲಿಲ್ಲ. ತಪ್ಪಿಸಿದರೆ ಕಂಬನಿಗೆ ಗೊತ್ತಾಗುತ್ತದಲ್ಲ! ಅಂಗಿಯ ಒಳಗೆ ಬಿಗಿಯಾಗಿ ಸೊಂಟದ ಬೆಲ್ಟು ಕಟ್ಟಿಕೊಂಡು, ಅತ್ತಿತ್ತ ತಿರುಗಲಾಗದೆ ನೆಟ್ಟಗೆ ನಡೆದರು. "ಸಾಹೇಬ್ರ ಗತ್ತು ಯಾಕೋ ಜಾಸ್ತಿಯಾಗಿದೆ" ಎಂದು ಕಚೇರಿ ಮಾತಾಡಿಕೊಂಡಿತು. ಎಂದಿನಂತೆ ಕುರ್ಚಿ ಏರಿದರು, ಎಂದಿನಂತೆ ಕಾಲು ಜೋತುಬಿಟ್ಟರು. ಸಂಜೆ ಚಿಕಿತ್ಸೆ, ಹಗಲು ಮತ್ತೆ ಅದೇ ಸಿಂಹಾಸನ. ನೋವು ಇಳಿಯುವುದಾದರೂ ಎಲ್ಲಿಂದ?

ಮಾತ್ರೆಗಳು ಮುಗಿದ ಮೇಲೆ ಎಳೆತದ ಸರದಿ ಬಂತು. ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ ಬಿಗಿದು, ಯಂತ್ರ ಅವರನ್ನು ಎರಡೂ ಕಡೆಗೆ ಎಳೆಯತೊಡಗಿತು. ತಾವು ಎರಡು ತುಂಡಾಗುವುದು ಖಂಡಿತ ಎಂದು ಕಣ್ಣು ಮುಚ್ಚಿದ ಸಾಹೇಬರಿಗೆ ಆ ಭಯದ ನಡುವೆಯೂ ಒಂದು ಆಸೆ ಚಿಗುರಿತು. ಯಂತ್ರ ನಡೆಸುವ ಹುಡುಗಿಯನ್ನು ಹತ್ತಿರ ಕರೆದು ಪಿಸುಗುಟ್ಟಿದರು.

"ಅಲ್ಲಮ್ಮಾ, ಹೀಗೆ ದಿನಾ ಎಳೆದರೆ ಮನುಷ್ಯ ಸ್ವಲ್ಪ ಉದ್ದ ಆಗ್ತಾನಾ?"

"ಇಲ್ಲ ಅಂಕಲ್."

"ಒಂದು ಬೆರಳಷ್ಟಾದ್ರೂ?"

"ಉಸಿರಾಡ್ತಾ ಸುಮ್ಮನೆ ಮಲಗಿ ಅಂಕಲ್."

ಎಳೆತವೂ ಫಲ ಕೊಡಲಿಲ್ಲ. ಸ್ಕ್ಯಾನ್ ಆಯಿತು. ಡಾಕ್ಟರು ಚಿತ್ರವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ಇದರಲ್ಲಿ ಅಂಥದ್ದೇನೂ ಕಾಣ್ತಿಲ್ಲ."

"ಅಬ್ಬಾ!" ಎಂದರು ಸಾಹೇಬರು.

"ಅದೇ ನನಗೂ ಯೋಚನೆ. ಏನೂ ಇಲ್ಲದೆ ಇಷ್ಟು ನೋವು ಯಾಕಿರಬೇಕು? ಬೆನ್ನುಮೂಳೆ ಪಕ್ಕಕ್ಕೇ ಒಂದು ಇಂಜೆಕ್ಷನ್ ಕೊಟ್ಟು ನೋಡೋಣ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಆಪರೇಷನ್ ಮಾತು."

"ಸೂಜಿ... ಎಷ್ಟುದ್ದ ಡಾಕ್ಟ್ರೇ?"

ಡಾಕ್ಟರು ಎರಡು ಬೆರಳುಗಳನ್ನು ಅಗಲಿಸಿ ತೋರಿಸಿದರು. ಸಾಲದೆಂದು ಇನ್ನಷ್ಟು ಅಗಲಿಸಿದರು. ಸಾಹೇಬರ ಜಂಘಾಬಲವೇ ಉಡುಗಿಹೋಯಿತು. ಆ ಬಲ ಮೊದಲೇ ಗಾಳಿಯಲ್ಲಿ ತೂಗಾಡುತ್ತಿತ್ತು ಎಂಬುದು ಬೇರೆ ಮಾತು.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು. "ನಿಜ ಹೇಳಿ, ಡಾಕ್ಟರ್ ಹತ್ರ ಏನಾದ್ರೂ ಮುಚ್ಚಿಟ್ಟಿದ್ದೀರಾ?"

"ಛೇ ಛೇ! ನಾನಾ?"

ಅವಳು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಕುಡಿಯಲು ಅಡುಗೆಮನೆಗೆ ಹೋದ ಸಾಹೇಬರು, ಅವಳು ಗೋಡೆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡರು. "ಏನಿಲ್ಲರೀ, ಈರುಳ್ಳಿ" ಎಂದಳು. ಕಟ್ಟೆಯ ಮೇಲೆ ಈರುಳ್ಳಿಯೇ ಇರಲಿಲ್ಲ. ತಮ್ಮ ಹೆದರಿಕೆಯನ್ನು ಹೇಗೋ ಹೊತ್ತುಕೊಂಡಿದ್ದ ಸಾಹೇಬರಿಗೆ ಅವಳ ಹೆದರಿಕೆಯನ್ನು ನೋಡಲಾಗಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದರು. ನೀರು ಕುಡಿದು ಬಾಯಿ ಮುಚ್ಚಿದರು.

ಇಂಜೆಕ್ಷನ್ನಿನ ಹಿಂದಿನ ದಿನ ಅವರು ಒಂದು ಉಪಾಯ ಹೂಡಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಂಜೆ ಕಚೇರಿ ಖಾಲಿಯಾದ ಮೇಲೆ ಕುರ್ಚಿಯನ್ನು ತಾವೇ ಇಳಿಸಿಬಿಡುವುದು. ಒಂದೆರಡು ಗಂಟೆ ಕಾಲೂರಿ ಕೂತು, ನೋವು ಕಡಿಮೆಯಾಯಿತೆಂದು ಡಾಕ್ಟರಿಗೆ ಫೋನ್ ಮಾಡಿ ಸೂಜಿ ತಪ್ಪಿಸಿಕೊಳ್ಳುವುದು. ಯಾರಿಗೂ ಏನೂ ಹೇಳುವ ಪ್ರಮೇಯವೇ ಇಲ್ಲ!

ಎಲ್ಲರೂ ಹೋದರು. ಸಾಹೇಬರು ಕೂತಲ್ಲಿಂದಲೇ ಪಕ್ಕಕ್ಕೆ ಬಗ್ಗಿ, ಸೀಟಿನ ಕೆಳಗಿನ ಹಿಡಿಕೆಯನ್ನು ಎಳೆದರು. ವರ್ಷಗಟ್ಟಲೆ ಏರಿಯೇ ಇದ್ದ ಕುರ್ಚಿಗೆ ಇಳಿಯುವುದು ಮರೆತುಹೋಗಿತ್ತು. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದರು. ಕಟಕ್! ಸದ್ದು ಮಾಡಿದ್ದು ಕುರ್ಚಿಯಲ್ಲ.

ಈಗ ಏಳುವಂತಿಲ್ಲ, ತಿರುಗುವಂತಿಲ್ಲ. ಕೆಳಕ್ಕೆ ಹಾರೋಣವೆಂದರೆ ನೆಲ ಪಾತಾಳದಲ್ಲಿದ್ದಂತೆ ಕಂಡಿತು. ಹಾಗೇ ಹೊತ್ತು ಕಳೆಯುತ್ತಿದ್ದಂತೆ ಇನ್ನೊಂದು ಘೋರ ಸಂಗತಿ ಅರಿವಿಗೆ ಬಂತು. ಪಾದಗಳೇ ತಿಳಿಯುತ್ತಿಲ್ಲ! ಬೆರಳು ಆಡಿಸಿದರು; ಆಡಿತೋ ಇಲ್ಲವೋ ಗೊತ್ತಾಗಲಿಲ್ಲ. ಮುಗಿಯಿತು, ಇನ್ನು ಜನ್ಮವಿಡೀ ಹಾಸಿಗೆ! ಹೆಂಡತಿಗೆ ಫೋನ್ ಮಾಡಿದರು.

"ಲೇ, ನನ್ನ ಕಾಲು ಎರಡೂ ಸ್ವಾಧೀನ ತಪ್ಪಿವೆ ಕಣೇ! ಕುರ್ಚಿಯಿಂದ ಇಳಿಯೋಕೆ ಆಗ್ತಿಲ್ಲ!"

"ಅಯ್ಯೋ, ಬಂದೆ ತಡೀರಿ!" ಎಂದವಳು ಅರೆಕ್ಷಣ ನಿಂತಳು. "ಇಳಿಯೋಕಾ? ಕುರ್ಚಿಯಿಂದ ಜನ ಏಳ್ತಾರೆ. ನೀವ್ಯಾಕೆ ಇಳೀತೀರಿ?"

ಸಾಹೇಬರು ಫೋನ್ ಇಟ್ಟುಬಿಟ್ಟರು.

ಹೆಂಡತಿ ಬಂದಾಗ ಅವಳ ಒಂದು ಕಾಲಲ್ಲಿ ಹೊರಗಿನ ಚಪ್ಪಲಿ, ಇನ್ನೊಂದರಲ್ಲಿ ಬಚ್ಚಲಮನೆಯದು. ಏದುಸಿರು ಬಿಡುತ್ತಾ ಮೇಜನ್ನು ಸುತ್ತಿ ಬಂದಳು. ಬಂದವಳು ನಿಂತುಬಿಟ್ಟಳು. ನೆಲದಿಂದ ಗೇಣು ಮೇಲೆ, ಹೊಳೆಯುವ ಎರಡು ಬೂಟುಗಳು ಅಕ್ಕಪಕ್ಕ ತೂಗುತ್ತಿದ್ದವು.

"ಯಾವತ್ತಿಂದ ಹೀಗೆ?" ದನಿ ತಣ್ಣಗಿತ್ತು.

"ಸಾಹೇಬ ಆದಾಗಿನಿಂದ."

"ಡಾಕ್ಟರ್ ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀನು ಪಕ್ಕದಲ್ಲೇ ಕೂತಿದ್ದೆಯಲ್ಲೇ..."

"ನನ್ನೆದುರು ಏನ್ರೀ ನಾಚಿಕೆ? ಮದುವೆ ಫೋಟೋ ತೆಗೆಯುವಾಗ ನಿಮ್ಮ ಕಾಲ ಕೆಳಗೆ ಪೆಟ್ಟಿಗೆ ತಳ್ಳಿದವಳೇ ನಾನು! ಇಷ್ಟಕ್ಕೆ ಬೆನ್ನಿಗೆ ಸೂಜಿ ಚುಚ್ಚಿಸ್ಕೊಳ್ಳೋಕೆ ಹೊರಟಿದ್ರಾ? ನಾನು ದೇವರಿಗೆ ಹೊರದ ಹರಕೆ ಇಲ್ಲ!" ಎಂದವಳಿಗೆ ಅಳು ಬಂತು. ಅಳುತ್ತಲೇ ಬೂಟುಗಳತ್ತ ಕಣ್ಣು ಹೋಯಿತು, ನಗು ಬಂತು. ನಗು ತಡೆಯಲಾರದೆ ಎದುರಿನ ಕುರ್ಚಿಯಲ್ಲಿ ಕುಸಿದಳು. ಮಂಡಿ ಗದ್ದಕ್ಕೆ ಬಂದು ತಾಗಿತು. "ಇದೇನ್ರೀ! ಈ ಕುರ್ಚಿ ಯಾಕೆ ಹೀಗೆ ನೆಲ ಕಚ್ಚಿದೆ?"

ಸಾಹೇಬರು ಗೋಡೆಯ ಮೇಲಿನ ಗಡಿಯಾರ ನೋಡಿದರು.

"ಕಾಲು ಕುಯ್ಯಿಸಿದ್ದೀರಾ?!"

ಅವಳು ಎದ್ದು ಬಂದು ಹಿಡಿಕೆಗೆ ಕೈ ಹಾಕಿ ಒಂದೇ ಸಲ ಎಳೆದಳು. ಉಸ್ಸ್ ಎಂದು ನಿಟ್ಟುಸಿರಿಡುತ್ತಾ ಸಿಂಹಾಸನ ಇಳಿಯಿತು. ಆ ಕುರ್ಚಿಯಲ್ಲಿ ಕೂತಿದ್ದಂತೆ ಸಾಹೇಬರ ಪಾದಗಳು ಮೊದಲ ಬಾರಿಗೆ ನೆಲಕ್ಕೆ ಊರಿದವು. ಜೋಮು ಬಿಟ್ಟ ಕಾಲಿಗೆ ಸಾವಿರ ಇರುವೆ ಹತ್ತಿದಂತಾಗಿ ಅವರು "ಹಾ!" ಎಂದು ಕೂಗಿದರು. ಕಾಲು ಹೋಗಿರಲಿಲ್ಲ. ಸೊಂಟದ ಬಿಗಿಯೂ ಮೆಲ್ಲಗೆ ಸಡಿಲವಾಯಿತು.

ಹೆಂಡತಿ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. "ಡಾಕ್ಟ್ರೇ, ಇವರ ಪಾದ ಈಗ ನೆಲಕ್ಕೆ ಊರಿದೆ."

"ಈಗ ಅಂದ್ರೆ?" ಎಂದು ಆ ಕಡೆಯಿಂದ ಕೇಳಿಸಿತು. ಅವಳು ಕುರ್ಚಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದಳು. ಕೊನೆಗೆ ಡಾಕ್ಟರು ಹೇಳಿದರು, "ಸೂಜಿ ಸದ್ಯಕ್ಕೆ ಬೇಡಮ್ಮ. ಕೆಲವು ದಿನ ಮನುಷ್ಯರ ಹಾಗೆ ಕೂರಲಿ, ಆಮೇಲೆ ನೋಡೋಣ."

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಕಂಬ! ಅಂಗಿಯ ಮೇಲೆಯೇ ಸೊಂಟದ ಬೆಲ್ಟು ಕಟ್ಟಿಕೊಂಡಿದ್ದ, ಸಾಹೇಬರದೇ ಮಾದರಿಯದು. ಅವನ ಕಣ್ಣಿಗೆ ಬಿದ್ದದ್ದು ಫೈಲುಗಳ ಕೋಟೆ, ಪಕ್ಕದಲ್ಲಿ ನಿಂತ ಸಾಹೇಬರ ಹೆಂಡತಿ.

"ಮರೆತ ಡಬ್ಬಿ ತಗೊಂಡು ಹೋಗೋಕೆ ಬಂದೆ ಮೇಡಂ. ದೀಪ ಉರೀತಿತ್ತು, ರಜೆನೂ ಕೇಳಿಬಿಡೋಣ ಅಂತ... ಸಾಹೇಬ್ರು ಹೊರಟ್ರಾ? ಹೋಗಲಿ ಬಿಡಿ, ಒಳ್ಳೇದೇ ಆಯ್ತು. ಇದ್ದಿದ್ರೆ ಈ ಕುರ್ಚಿಯಲ್ಲಿ ಕೂರು ಅಂತಿದ್ರು. ಇದರಲ್ಲಿ ಮುದುಡಿ ಕೂತು ಕೂತೇ ಮೇಡಂ ನನ್ನ ಸೊಂಟ ಹೋಗಿರೋದು. ಹೆಂಡತಿ ದಿನಾ ಅಳ್ತಾಳೆ. ಹೇಳೋಣ ಅಂದ್ರೆ ಸಾಹೇಬ್ರದು ಉಕ್ಕಿನ ಬೆನ್ನು, ಅವರಿಗೆಲ್ಲಿ ಅರ್ಥ ಆಗಬೇಕು!"

ಫೈಲುಗಳ ಹಿಂದೆ ಉಕ್ಕಿನ ಬೆನ್ನು ಇನ್ನಷ್ಟು ಕುಗ್ಗಿತು. ಅವನ ಮನೆಯಲ್ಲೂ ಒಬ್ಬಳು ಅಳುತ್ತಿದ್ದಾಳೆ, ಅದೂ ತಾವು ಕುಯ್ಯಿಸಿದ ನಾಲ್ಕು ಮರದ ಕಾಲುಗಳಿಂದ! ಇಷ್ಟು ದಿನ ಸೂಜಿಗೆ, ಯಂತ್ರಕ್ಕೆ, ಅಸ್ಥಿಪಂಜರಕ್ಕೆ ಹೆದರಿದ್ದ ಸಾಹೇಬರಿಗೆ ಈಗ ತಮ್ಮ ಸಹಾಯಕನ ಮುಖ ನೋಡಲು ಹೆದರಿಕೆಯಾಯಿತು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟರು.

"ರಜೆ ಮಂಜೂರು ಕಣಯ್ಯ! ಎಷ್ಟು ದಿನ ಬೇಕೋ ತಗೋ! ಆ ಕುರ್ಚಿನೂ ನಾಳೆನೇ ಬದಲಾಯಿಸ್ತೀನಿ!"

ಕಂಬ ಬೆಚ್ಚಿಬಿದ್ದ. ಅಭ್ಯಾಸಬಲದಿಂದ ಫೈಲುಗಳ ಮೇಲೆ ಎಂದಿನ ಎತ್ತರಕ್ಕೆ ನೋಡಿದ. ಅಲ್ಲಿ ಗೋಡೆಯ ಹೊರತು ಯಾರೂ ಇರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಮೇ... ಮೇಡಂ, ಸಾಹೇಬ್ರ ದನಿ! ಅವರೆಲ್ಲಿ?"

"ಹೆದರಬೇಡಪ್ಪ, ಸ್ವಲ್ಪ ಕೆಳಗೆ ನೋಡು" ಎಂದಳು ಹೆಂಡತಿ. "ಈಗ ತಾನೇ ಇಳಿದಿದ್ದಾರೆ."