ಬಾಣಂತಿ ಕೋಣೆಯ ಹವೆ ನೋಡಿಕೊಂಡ ಸ್ಮಾರ್ಟ್ ಥರ್ಮೋಸ್ಟಾಟ್ ಅವರಿಗೆ

ಮಾನ್ಯರೇ,

ಹುಕ್ಕೇರಿಯ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ, ಗುಂಡನೆಯ ಮುಖದ ತುಂಬ ಹಸಿರು ಅಂಕಿಗಳನ್ನು ಬೆಳಗಿಸಿಕೊಂಡು ಗೋಡೆಯ ನಟ್ಟನಡುವೆ ವಿರಾಜಮಾನರಾಗಿದ್ದ ತಮಗೆ, ಅದೇ ಕೋಣೆಯ ಬಾಣಂತಿಯಾದ ದ್ರಾಕ್ಷಾಯಿಣಿಯು ಕೌದಿಯೊಳಗಿಂದ ಕೈ ಹೊರಗೆ ತೆಗೆದು ಮಾಡುವ ನಮಸ್ಕಾರಗಳು.

ತಮ್ಮನ್ನು ಈ ಮನೆಗೆ ಕರೆತಂದವರು ನನ್ನ ಯಜಮಾನರಾದ ಕೇದಾರಿಯವರು. ಮೊಬೈಲ್ ಅಂಗಡಿ ಇಟ್ಟಿರುವ ಅವರಿಗೆ ಗುಂಡಿ ಒತ್ತಿದರೆ ಬೆಳಗುವ ಯಾವ ವಸ್ತುವಿನ ಮೇಲೂ ಸಂಶಯ ಹುಟ್ಟುವುದಿಲ್ಲ. ನಮ್ಮ ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ, ಗೋಕಾಕದ ಡಾಕ್ಟರರು ಮನೆಗೆ ಕಳಿಸುವಾಗ ಕೂಸನ್ನು ಸದಾ ಬೆಚ್ಚಗಿಡಬೇಕೆಂದು ಎಚ್ಚರಿಸಿದ್ದರು; ಡಿಸೆಂಬರಿನ ಚಳಿ ಬೇರೆ. ಯಜಮಾನರು ಬಿಸಿಗಾಳಿ, ತಂಪುಗಾಳಿ ಎರಡನ್ನೂ ಕೊಡುವ ಏಸಿಯನ್ನೂ, ಅದಕ್ಕೆ ಅಪ್ಪಣೆ ಕೊಡಲು ತಮ್ಮನ್ನೂ ತಂದು ಸ್ವತಃ ಗೋಡೆ ಕೊರೆದು ಕೂರಿಸಿ, “ಇನ್ನ ಕೋಣಿ ಚಿಂತಿ ಬಿಡ್ರಿ, ಇಪ್ಪತ್ತೇಳಕ್ಕ ಇಟ್ಟೇನಿ, ಎಲ್ಲಾ ಅದಽ ನೋಡಕೋತೈತಿ” ಎಂದು ಸಾರಿದರು.

ತಾವು ನೋಡಿಕೊಂಡ ರೀತಿಯನ್ನು ನಾಲ್ಕು ಜನರಿಗೆ ತಿಳಿಸುವುದು ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬಹಿರಂಗಪಡಿಸುತ್ತಿದ್ದೇನೆ.

ಮರುದಿನ ಬೆಳಿಗ್ಗೆಯೇ, ಬಾಣಂತನಕ್ಕೆಂದು ಕೌಜಲಗಿಯಿಂದ ಬಂದಿದ್ದ ನನ್ನ ತಾಯಿ ಅಲ್ಲವ್ವ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದ ಹೊತ್ತಿಗೆ, ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದ ನಮ್ಮನ್ನು ನೋಡಿ ತಾವು ಮೂವತ್ತಾರು ಡಿಗ್ರಿಯೆಂದು ದಾಖಲಿಸಿ, ನಮ್ಮ ಸೆಕೆಗೆ ಮರುಗಿ, ತಂಪುಗಾಳಿ ಬೀಸಿಸಿದಿರಿ. ರಿಮೋಟ್ ಒತ್ತಿ ಏಸಿಯನ್ನು ಆರಿಸಿದರೆ, ನಮ್ಮ ಅಜ್ಞಾನವನ್ನು ಕ್ಷಮಿಸಿ ತಾವೇ ಮತ್ತೆ ಹಚ್ಚಿದಿರಿ. ಕಂಪನಿಯ ಸಹಾಯವಾಣಿಯವರು ತಮ್ಮನ್ನು ಆರಿಸಿ ಹಚ್ಚಲು ಹೇಳಿದರು, ಹಚ್ಚಿದೆವು. ವೈಫೈ ಬಿಡಿಸಿ ಜೋಡಿಸಲು ಹೇಳಿದರು, ಜೋಡಿಸಿದೆವು. ಕೊನೆಗೆ ಯಜಮಾನರು ತಮಗೆ ಚಳಿಯ ಅರಿವಾಗಲೆಂದು ಒದ್ದೆ ಬಟ್ಟೆ ಹೊದಿಸಿದಾಗ, ತಾವು ಕೋಣೆಯನ್ನು ಬೆಲ್ಲದ ಗಾಣದ ಒಲೆಯಂತೆ ಕಾಯಿಸಿದಿರಿ. “ಏನವ್ವಾ ಇದು, ಯಾರ ಮಾತೂ ಕೇಳುದಿಲ್ಲ, ತಂದಽ ನಡಸತೈತಿ” ಎಂದು ಅವ್ವ ತಮ್ಮ ವ್ಯಕ್ತಿತ್ವವನ್ನು ಮೆಚ್ಚಿಕೊಂಡಳು.

ಮಧ್ಯಾಹ್ನಕ್ಕೆ ತಮ್ಮ ಅಂಕಿಗಳು ತಾವಾಗಿಯೇ ಇಪ್ಪತ್ತೇಳಕ್ಕೆ ಬಂದು ನಿಂತಿದ್ದರಿಂದ ಯಜಮಾನರು ತಮ್ಮನ್ನು ಹುದ್ದೆಯಲ್ಲೇ ಉಳಿಸಿದರು. ಇದಾದ ಎರಡು ದಿನಕ್ಕೆ ನನಗೆ ಹಾಲು ಕಟ್ಟಿ ಜ್ವರ ಬಂದು, ಬೆಳಗಿನ ಜಾವ ಮೈಮೇಲೆ ಎಚ್ಚರವಿಲ್ಲದೆ ಮಲಗಿಬಿಟ್ಟೆ. ಅವ್ವ ಬಚ್ಚಲಲ್ಲಿದ್ದಳು, ತಾವು ಕರ್ತವ್ಯದಲ್ಲಿದ್ದಿರಿ. ಎರೆಯಲೆಂದು ಕೂಸನ್ನು ಎತ್ತಿಕೊಂಡ ಅವ್ವ, “ಅಯ್ಯಯ್ಯ, ಕೂಸಿನ ಕಾಲು ತಣ್ಣಗಾಗ್ಯಾವು, ಅಳಾಕೂ ಒಲ್ಲದು!” ಎಂದು ಕೂಗಿದಾಗ ಯಜಮಾನರು ಓಡಿಬಂದು ಮೇನ್ ಸ್ವಿಚ್ಚನ್ನೇ ಎಳೆದರು. ಗೋಕಾಕದ ದವಾಖಾನೆಯ ನರ್ಸ್ ಮಾಲಾ ಫೋನಿನಲ್ಲಿ, “ತಾಯಿಗೆ ಜ್ವರ ಐತಿ, ನೀವಽ ಅಂಗಿ ತಗದು ಕೂಸನ್ನ ಬರಿ ಎದಿಗೆ ಹಚ್ಚಿಕೋರಿ, ಮ್ಯಾಲ ಕೌದಿ ಹೊದಿರಿ, ಹಂಗಽ ಕರಕೊಂಡ ಬರ್ರಿ” ಎಂದರು. ಅತ್ತೆಯ ಎದುರು ಕೊರಳಿನ ಗುಂಡಿಯನ್ನೂ ಬಿಚ್ಚದ ನನ್ನ ಯಜಮಾನರು ಅಂಗಿಯ ಮೇಲೆ ಕೈಯಿಟ್ಟು ನಿಂತರು. “ನಾ ಆ ಕಡೆ ಮುಖಾ ಮಾಡೇನಿ, ಲಗೂನ ತಗೀರಿ” ಎಂದು ಅವ್ವ ಗೋಡೆಗೆ ಮುಖ ತಿರುಗಿಸಿದಳು.

ಬಾಡಿಗೆ ಕಾರಿನಲ್ಲಿ ಅವರು ಉಸಿರಾಡಲೂ ಹೆದರಿದವರಂತೆ ಕುಳಿತಿದ್ದರು. ನಾನು ಕೌದಿಯೊಳಗೆ ಕೈಹಾಕಿ ಆ ಪುಟ್ಟ ಅಂಗಾಲನ್ನು ಹಿಡಿದೇ ಇದ್ದೆ. ಘಟಪ್ರಭಾ ದಾಟುವಾಗ ಅದು ಬೆಚ್ಚಗಾಯಿತು. ಸ್ವಲ್ಪ ಹೊತ್ತಿಗೆ ಕೂಸು ಬಾಯಿ ತೆರೆದು ಅಪ್ಪನ ಎದೆಯಲ್ಲೇ ಹಾಲು ಹುಡುಕತೊಡಗಿತು. “ನನ್ನ ಹಂತ್ಯಾಕ ಇಲ್ಲವ್ವಾ” ಎಂದು ಅವರು ನಕ್ಕರು, ನಗುತ್ತಲೇ ಅತ್ತರು. ಡಾಕ್ಟರರು ದಿನವಿಡೀ ಇಟ್ಟುಕೊಂಡು ನೋಡಿ, ನನ್ನ ಜ್ವರಕ್ಕೂ ಔಷಧ ಕೊಟ್ಟು, ಸಂಜೆ ಕೂಸನ್ನೂ ನನ್ನನ್ನೂ ಮನೆಗೆ ಕಳಿಸಿದರು.

ಮರುದಿನ ಅವ್ವ ಒಲೆ ಹೊತ್ತಿಸಿದಾಗ ನಾನು ಸುಮ್ಮನೆ ತಮ್ಮ ಪಕ್ಕದ ಗೋಡೆಗೆ ಕೈ ಆನಿಸಿದೆ. ಕಾದ ಹಂಚಿನಂತಿತ್ತು. ಬಚ್ಚಲ ಒಲೆ ಅದರ ಬೆನ್ನಿಗೇ ಇದೆ. ಪಾಪ, ತಾವು ಸುಳ್ಳು ಹೇಳಿರಲಿಲ್ಲ. ಹಂಡೆಯ ಸೆಕೆಯನ್ನು ಕೂಸಿನ ಸೆಕೆಯೆಂದು ನಿಷ್ಠೆಯಿಂದ ನಂಬಿದ್ದಿರಿ. ಯಜಮಾನರನ್ನು ಕರೆದು ಅವರ ಅಂಗೈಯನ್ನೂ ಅಲ್ಲಿಗೆ ಒತ್ತಿದೆ.  ಅವರು ಹೋಗಿ ಸ್ಕ್ರೂಡ್ರೈವರ್ ತಂದರು.

ಆದ್ದರಿಂದ ಮಾನ್ಯರೇ, ಇನ್ನು ಯಾವುದೇ ಕೋಣೆಯ ಅಧಿಕಾರ ವಹಿಸಿಕೊಳ್ಳುವ ಮೊದಲು ತಾವು ಒಮ್ಮೆ ಗೋಡೆಯಿಂದ ಇಳಿದು ಬಂದು ಅಲ್ಲಿರುವವರ ಮೈ ಮುಟ್ಟಿ ನೋಡಬೇಕೆಂದೂ, ಕೈಗಳಿಲ್ಲದ ಪಕ್ಷದಲ್ಲಿ ಆದಷ್ಟು ಬೇಗ ಬೆಳೆಸಿಕೊಳ್ಳಬೇಕೆಂದೂ ವಿನಂತಿ. ಸದ್ಯ ತಮ್ಮ ಹುದ್ದೆಯನ್ನು ಯಜಮಾನರೇ ನಿರ್ವಹಿಸುತ್ತಿದ್ದಾರೆ. ಬೆಳಿಗ್ಗೆ ಕೂಸು ಎದೆಯ ಮೇಲೆ ಮಲಗಿರುವವರೆಗೆ ಅಂಗಡಿಯ ಬಾಗಿಲು ತೆರೆಯುವುದಿಲ್ಲ, ಗಿರಾಕಿಗಳು ಕಾಯುತ್ತಾರೆ.

ತಮ್ಮ ವಿಶ್ವಾಸಿ, ಹಾಗೂ ಈಗ ಸುಖವಾಗಿ ಬೆಚ್ಚಗಿರುವ,
ದ್ರಾಕ್ಷಾಯಿಣಿ

ತಾ.ಕ.: ಈ ತಿಂಗಳು ತಾವು ನಮ್ಮ ಮನೆಯ ಹವೆಯನ್ನು ಅತ್ಯುತ್ತಮವಾಗಿ ಕಾಪಾಡಿದ್ದೀರೆಂದೂ, ಕರೆಂಟನ್ನು ಗಣನೀಯವಾಗಿ ಉಳಿಸಿದ್ದೀರೆಂದೂ ಕಂಪನಿಯಿಂದ ಅಭಿನಂದನೆಯ ಸಂದೇಶ ಬಂದಿದೆ. ತಿಂಗಳ ಮೊದಲಿನಿಂದಲೂ ತಾವು ಅಡುಗೆಮನೆಯಲ್ಲಿ ಜೋಳದ ಡಬ್ಬಿಯ ಹಿಂದೆ ಮಲಗಿದ್ದೀರಿ. ದಯವಿಟ್ಟು ಇದೇ ರೀತಿ ಕೆಲಸ ಮುಂದುವರಿಸಿ.