ಟೋಕನ್ ಕೂಗುವ ಯಂತ್ರಕ್ಕೊಂದು ಬಹಿರಂಗ ಅಭಿನಂದನೆ

ಆಸ್ಪತ್ರೆಯ ಹೊರರೋಗಿ ವಿಭಾಗದ ಗೋಡೆಯ ಮೇಲೆ ವಿರಾಜಮಾನರಾಗಿ ಟೋಕನ್ ಕೂಗುತ್ತಿರುವ ಯಂತ್ರವಾದ ಮಾನ್ಯರೇ,

ತಮ್ಮ ಕಂಠಸಿರಿಗೆ ಮೊದಲು ನನ್ನ ನಮಸ್ಕಾರಗಳು. ನಾನು ಆಸ್ಪತ್ರೆಯ ಎದುರಿಗೇ ಜೆರಾಕ್ಸ್ ಅಂಗಡಿ ಇಟ್ಟಿರುವವಳು. ತಾವು ಬಾಯಿಬಿಟ್ಟರೆ ಯಾರಿಗೆ ಯಾವ ಕಾಯಿಲೆಯೆಂದು ನನ್ನ ಗಿರಾಕಿಗಳಿಗೂ ತಿಳಿಯುವುದರಿಂದ, ಅಂಗಡಿಗೆ ದಿನಪತ್ರಿಕೆ ತರಿಸುವುದನ್ನೇ ನಿಲ್ಲಿಸಿದ್ದೇನೆ.

ಮುಟ್ಟು ನಿಂತು ವರ್ಷಗಳಾದ ಮೇಲೆ ನನ್ನ ಅತ್ತಿಗೆಗೆ ಮತ್ತೆ ರಕ್ತಸ್ರಾವ ಶುರುವಾಯಿತು. ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಅವರನ್ನು ಕಾಡಿ ಬೇಡಿ ಕರೆತಂದು, ಗರ್ಭಕಂಠದ ಪರೀಕ್ಷೆಗೆ ಹೆಸರು ಬರೆಸಿ, ತಮ್ಮ ಕೆಳಗಿನ ಬೆಂಚಿನಲ್ಲಿ ಕೂರಿಸಿ ಅಂಗಡಿಗೆ ಹೋದೆ. ತಾವು ಬರೀ ಸಂಖ್ಯೆ ಕೂಗಿ ಸುಮ್ಮನಾಗಬಹುದಿತ್ತು. ಆದರೆ ತಮ್ಮ ಔದಾರ್ಯ ಅಷ್ಟಕ್ಕೆ ನಿಲ್ಲುವುದೇ? 'ಗರ್ಭಕಂಠದ ಕ್ಯಾನ್ಸರ್ ತಪಾಸಣೆ' ಎಂದು ಮೇಲಿಂದ ಮೇಲೆ ಸಾರಿ, ಅದರ ಬೆನ್ನಿಗೇ ಕಾರಣಗಳನ್ನೂ ಬಿತ್ತರಿಸಿದಿರಿ: ಚಿಕ್ಕ ವಯಸ್ಸಿನ ದಾಂಪತ್ಯ, ಧೂಮಪಾನ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳು. ಅತ್ತಿಗೆ ಇದರಲ್ಲಿ ಯಾವ ಬಾಬತ್ತಿಗೆ ಸೇರಿದವರೆಂದು ಇಡೀ ಹಾಲ್ ತಿರುಗಿ ನೋಡಿತು. ಒಬ್ಬನೇ ಗಂಡನೊಡನೆ ಬಾಳಿದವರಿಗೂ ಈ ಕಾಯಿಲೆ ತರುವ ವೈರಾಣು ತಗಲಬಹುದೆಂಬ ಸಾಲನ್ನು ಮಾತ್ರ ತಾವು ಯಾಕೋ ನುಂಗಿಕೊಂಡಿರಿ. ಗಂಟಲು ಕೆಟ್ಟಿತ್ತೇನೋ.

ತಮ್ಮ ದನಿ ಕೇಳಿ ನಾನು ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಅತ್ತಿಗೆ, "ಅಯ್ಯೋ, ನಾನು ಕಣ್ಣು ತೋರಿಸೋಕೆ ಬಂದಿದ್ದು ಕಣ್ರೀ" ಎಂದು ಪಕ್ಕದವರಿಗೆ ಹೇಳಿ, ಕಣ್ಣಿನ ಸಾಲಿನಲ್ಲಿ ನಿಂತುಬಿಟ್ಟಿದ್ದರು. ಕನ್ನಡಕ ಬರೆಸಿಕೊಂಡೇ ಮನೆಗೆ ಬಂದರು. ರಕ್ತ ನಿಂತಿಲ್ಲ, ಸೂಜಿಗೆ ದಾರ ಪೋಣಿಸುವುದು ಮಾತ್ರ ಸಲೀಸಾಗಿದೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವರು ಈ ಅತ್ತಿಗೆ. ನನಗೆ ಹೆದರಿಕೆಯಾಗುತ್ತಿದೆ, ಮಾನ್ಯರೇ.

ಆದ್ದರಿಂದ ವಿನಂತಿ ಏನೆಂದರೆ, ಇಷ್ಟು ನಿಷ್ಪಕ್ಷಪಾತಿಗಳಾದ ತಾವು ಮೂಲವ್ಯಾಧಿಗೆ ಬಂದು ಕೂರಲಾರದೆ ನಿಂತಿರುವ ಗಂಡಸರಿಗೂ ಇದೇ ಗೌರವವನ್ನು ಕಾರಣಸಮೇತ ಸಲ್ಲಿಸಬೇಕು. ತಮ್ಮನ್ನು ಕೊಂಡು ತಂದ ಆಡಳಿತಾಧಿಕಾರಿಗಳ ಖಾಸಗಿ ಕಾಯಿಲೆಗಳನ್ನು ದಿನಾ ಬೆಳಗ್ಗೆ ರಾಗವಾಗಿ ಹಾಡಬೇಕು. ಇದು ಕಷ್ಟವೆನಿಸಿದರೆ ಬರೀ ಸಂಖ್ಯೆ ಹೇಳುವುದನ್ನಾದರೂ ಕಲಿಯಬೇಕು.

ತಮ್ಮ ಕೃಪೆಯಿಂದ ಅರ್ಧ ಕಿವುಡಾಗಿರುವ,
ತಮ್ಮ ವಿಶ್ವಾಸಿ,
ಎದುರಿನ ಜೆರಾಕ್ಸ್ ಅಂಗಡಿಯವಳು

ತಾಜಾ ಕಲಂ: ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಅತ್ತಿಗೆಯನ್ನು ಇನ್ನೊಮ್ಮೆ ಕರೆತಂದಿದ್ದೆ. ತಾವು ಇದ್ದಕ್ಕಿದ್ದಂತೆ ಮೌನ ತಾಳಿದ್ದರಿಂದ ನರ್ಸಮ್ಮನೇ ಹತ್ತಿರ ಬಂದು ಮೆಲ್ಲಗೆ ಕರೆದರು, ಅತ್ತಿಗೆ ಒಳಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಫಲಿತಾಂಶಕ್ಕೆ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದೇವೆ. ತಮ್ಮ ಪ್ಲಗ್ ಕಿತ್ತವರು ಯಾರೆಂದು ವಿಚಾರಣೆ ನಡೆದಿದೆಯಂತೆ. ನನಗೇನೂ ಗೊತ್ತಿಲ್ಲ, ಹೊಸ ಕನ್ನಡಕ ಬಂದ ಮೇಲೆ ಅತ್ತಿಗೆಗೆ ಬೆಂಚಿನ ಹಿಂದಿನ ವೈರು ಕೂಡ ಬಹಳ ಚೆನ್ನಾಗಿ ಕಾಣಿಸುತ್ತದೆ.