ಸೋಮವಾರ ನೊಗ ಇಳಿಸಿದ ಯಂತ್ರದ ವಿಚಾರವಾಗಿ ಪೋರ್ಟಲ್ ಸಾಹೇಬರಿಗೆ

ಕ್ಲೌಡ್ ಎಂಬ ಮೋಡದ ಬಾಗಿಲನ್ನು ಹಗಲಿರುಳು ಕಾಯುತ್ತಿರುವ ಮಾನ್ಯ ಪೋರ್ಟಲ್ ಸಾಹೇಬರೇ,

ನಾರಾಯಣಖೇಡದ ಆಚೆ, ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ನಾಗಲಗಿದ್ದದ ಕುರಿಗಾರರ ಸಂಘದ ಕಾರ್ಯದರ್ಶಿಯಾದ ಜೈಪಾಲನೆಂಬ ನಾನು, ಸಂಘದ ಸಕಲ ಸದಸ್ಯರ, ಅವರ ಹೆಂಡಿರು ಮಕ್ಕಳ, ನಾಯಿಗಳ ಹಾಗೂ ಬದುಕುಳಿದ ಕುರಿಗಳ ಪರವಾಗಿ ತಮಗೆ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಾವು ಎಲ್ಲಿ ವಾಸವಾಗಿರುವಿರೆಂದು ಯಾರೂ ಹೇಳಲಾರದ ಕಾರಣ ಪತ್ರವನ್ನು ಹೀಗೆ ಬಹಿರಂಗವಾಗಿಯೇ ಬರೆಯಬೇಕಾಗಿ ಬಂದಿದೆ. ಮೊದಲು ತಮ್ಮ 'ಸಹಾಯ' ಎಂಬ ಗುಂಡಿಯನ್ನು ಒತ್ತಿದೆ. ನನಗೆ ಬೇಕಾದ ಸಹಾಯವನ್ನು ನಾನೇ ಹುಡುಕಿಕೊಳ್ಳುವುದು ಹೇಗೆಂದು ಅದು ಬಹಳ ವಿಸ್ತಾರವಾಗಿ ತಿಳಿಸಿತು.

ಸುಗ್ಗಿ ಮುಗಿದ ಮೇಲೆ ನಮ್ಮ ಹಿಂಡುಗಳು ಮೇವು ಹುಡುಕಿಕೊಂಡು ತಾಂಡೂರಿನ ಕಡೆ ಹೋಗುವುದು ವಾಡಿಕೆ. ಈ ವರ್ಷ ಪ್ರತಿ ಹಿಂಡಿನ ಮುಂದಾಳು ಟಗರಿನ ಕೊರಳಿಗೆ ಬಿಸಿಲಿನಿಂದ ಚಾರ್ಜ್ ಆಗುವ ಒಂದು ಪಟ್ಟಿ ಕಟ್ಟಿದೆವು. ತಾನಿರುವ ಜಾಗವನ್ನು ಆ ಪಟ್ಟಿ ಒಂದು ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ, ಆ ಕಂಪ್ಯೂಟರು ಮಾತ್ರ ನಮ್ಮ ಬಳಿ ಇಲ್ಲ, ತಮ್ಮ ಮೋಡದೊಳಗಿದೆ, ಅದನ್ನು ತಮ್ಮ ಮೂಲಕವೇ ನೋಡಬೇಕು, ತಮ್ಮ ಮೂಲಕವೇ ನಡೆಸಬೇಕು. ಜಹೀರಾಬಾದಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಮ್ಮೂರ ಶಿಲ್ಪಾರಾಣಿ ಇದನ್ನೆಲ್ಲ ಹೊಂದಿಸಿಕೊಟ್ಟು, "ವರ್ಚುವಲ್ ಮಶೀನ್ ಅಂತಾರಣ್ಣ ಇದಕ್ಕ. ಕಂಪ್ಯೂಟರೇ ಅದ, ಕಣ್ಣಿಗಿ ಕಾಣಂಗಿಲ್ಲ ಅಷ್ಟೇ" ಎಂದಳು. ಮಂಜೂರಾದ ಎಷ್ಟೋ ಸಂಗತಿಗಳನ್ನು ಕಾಣದೆಯೇ ನಂಬಿ ಅಭ್ಯಾಸವಿರುವ ನಮಗೆ ಇದು ಕಷ್ಟವಾಗಲಿಲ್ಲ.

ಸಂಘದ ಅಧ್ಯಕ್ಷರಾದ ಬೀರಣ್ಣ ಕಾಕಾ ಒಂದು ಸೋಮವಾರ ಬೆಳಿಗ್ಗೆ ತಮ್ಮ ಪುಟವನ್ನು ನೋಡುತ್ತ ಕುಳಿತಿದ್ದರು. ಯಂತ್ರದ ಹೆಸರಿನ ಮುಂದೆ 'ಚಾಲನೆಯಲ್ಲಿದೆ' ಎಂದು ಹಸಿರು ಅಕ್ಷರದಲ್ಲಿತ್ತು. ಹೊಂದಿಸಿದ ದಿನದಿಂದ ಅದು ಒಮ್ಮೆಯೂ ನಿಂತಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದ್ದೇ ತಡ, ಕಾಕಾ ಕನ್ನಡಕ ತೆಗೆದರು. "ಸೋಮಾರನೂ ದುಡಸ್ಲತ್ತೀರಿ? ಮೂಗ ಜೀವ ಅದು, ಬಾಯಿ ಬಿಟ್ಟು ಹೇಳ್ತದೇನು? ಪಾಪ ಹತ್ತತದ. ಇಳಸ್ರಿ ನೊಗ." ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಹೊಲದ ಹದ ಆರಿಹೋದರೂ ಸರಿ, ಇಡುವುದಿಲ್ಲ. ಕಾಕಾ ಲ್ಯಾಪ್‌ಟಾಪಿಗೆ ಭಂಡಾರದ ಅರಿಶಿನ ಹಚ್ಚಿದರು, ನಾನು 'ನಿಲ್ಲಿಸು' ಒತ್ತಿದೆ. ಖಚಿತವೇ ಎಂದು ತಾವು ಕೇಳಿದಿರಿ, ಹೌದೆಂದೆ. ಕೆಳಗೆ ಬೂದಿ ಬಣ್ಣದಲ್ಲಿ, ಇರುವೆ ಸಾಲಿನಂತೆ, ಇಂಗ್ಲಿಷಿನ ಒಂದು ವಾಕ್ಯವಿತ್ತು. ತಮ್ಮಂಥ ಸಭ್ಯರು ಬರೆದದ್ದಾದ್ದರಿಂದ ಅದು ಏನೋ ಉಪಚಾರದ ಮಾತಿರಬೇಕೆಂದು ತಿಳಿದೆ.

ಅದೇ ಮಧ್ಯಾಹ್ನ, ತಾಂಡೂರು ದಾಟಿ ಬೊಮ್ರಾಸಪೇಟಿನ ಕಡೆ ಮೇಯುತ್ತಿದ್ದ ಸಾಬಮ್ಮನ ಹಿಂಡಿನ ಹತ್ತಿರ ಎಲ್ಲೋ ಬಂಡೆ ಒಡೆಯುವ ಮದ್ದು ಸಿಡಿಯಿತು. ಹಿಂಡಿನ ಮುಂದಾಳು ಟಗರಿನ ಹೆಸರು ಬಾದಶಾ. ಹುಟ್ಟಿದ ದಿನವೇ ತಾಯಿ ಸತ್ತ ಅದನ್ನು ಸಾಬಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಕಂಬಳಿಯಲ್ಲೇ ಮಲಗಿಸಿ ಬೆಳೆಸಿದ್ದಳು. ಅದು ಬೆದರಿ ಓಡಿತು. ಅದು ಹೋದ ಕಡೆ ಹಿಂಡು ಹೋಗುತ್ತದೆ. ಹಿಂಡಿನ ಜೊತೆಗಿದ್ದವನು ಸಾಬಮ್ಮನ ಮಗ ಸುನೀಲ್, ಅವನು ನನಗೆ ಫೋನ್ ಮಾಡಿದ. "ಮಾಮಾ, ಬಾದಶಾ ಓಡಿ ಹೋಗ್ಯಾನ, ಕುರಿ ಎಲ್ಲಾ ಅವನ ಹಿಂದೇ ಹೋಗ್ಯಾವ. ಎಲ್ಲದಾವ ನೋಡಿ ಲಗೂ ಹೇಳ್ರಿ, ಅಡ್ಡಮಳಿ ಆಗ್ಯಾದ, ಜ್ವಾಳದ ಕೂಳಿ ಚಿಗತಾವ." ತಮಗೆ ತಿಳಿದಿರಲಿಕ್ಕಿಲ್ಲ, ಜೋಳ ಕೊಯ್ದ ಮೇಲೆ ಉಳಿದ ಕೂಳೆ ಮಳೆಗೆ ಚಿಗುರಿದರೆ ಆ ಎಳೆ ಚಿಗುರು ಕುರಿಗೆ ವಿಷ. ತಿಂದ ಕುರಿ ಸ್ವಲ್ಪ ಹೊತ್ತಿನಲ್ಲೇ ಉಸಿರು ಕಟ್ಟಿ ಬೀಳುತ್ತದೆ.

ನಾನು 'ಆರಂಭಿಸು' ಒತ್ತಿದೆ. ತಾವು ಕಿಂಚಿತ್ತೂ ಗಾಬರಿಯಾಗದೆ 'ಆರಂಭಿಸಲಾಗುತ್ತಿದೆ' ಎಂದಿರಿ, ಆಮೇಲೆ 'ಚಾಲನೆಯಲ್ಲಿದೆ' ಎಂದಿರಿ. ಯಂತ್ರದ ಆರೋಗ್ಯ ಉತ್ತಮ, ಹೊರೆ ಹೆಚ್ಚುಕಡಿಮೆ ಶೂನ್ಯ, ಗ್ರಾಫು ಉತ್ತು ಹಸನು ಮಾಡಿದ ಹೊಲದಂತೆ ಸಪಾಟು. ಆದರೆ ಒಂದು ಟಗರೂ ಮಾತಾಡಲಿಲ್ಲ. ಜಹೀರಾಬಾದಿಗೆ ಫೋನ್ ಹಚ್ಚಿದರೆ ಶಿಲ್ಪಾರಾಣಿ, "ಅಣ್ಣಾ, ಅದನ್ನ ನಿಲ್ಸಿದ್ರೇನು?" ಎಂದಳು. ನಿಲ್ಲಿಸಿದ ಯಂತ್ರದ ವಿಳಾಸವನ್ನು, ಎಂದರೆ ಪಟ್ಟಿಗಳು ಸುದ್ದಿ ಕಳಿಸುವ ನಂಬರನ್ನು, ತಾವು ಕಿತ್ತುಕೊಂಡು, ಮತ್ತೆ ಎಬ್ಬಿಸಿದಾಗ ಬೇರೆ ವಿಳಾಸ ಕೊಡುವಿರೆಂದೂ, ಬೂದಿ ಅಕ್ಷರದ ವಾಕ್ಯ ಅದನ್ನೇ ಹೇಳುತ್ತಿತ್ತೆಂದೂ ಆಗ ತಿಳಿಯಿತು. ನೊಗ ಇಳಿಸಿದ ಎತ್ತು ಮರುದಿನ ಅದೇ ಕೊಟ್ಟಿಗೆಯಲ್ಲಿ ಸಿಗುವುದನ್ನು ಕಂಡವರು ನಾವು. ಬಾದಶಾನ ಪಟ್ಟಿ ಹಳೆಯ ವಿಳಾಸಕ್ಕೇ ಕೂಗುತ್ತಿತ್ತು. ಹೊಸ ವಿಳಾಸವನ್ನು ಪಟ್ಟಿಗೆ ತಿಳಿಸಬೇಕೆಂದರೆ ಪಟ್ಟಿ ಕೈಗೆ ಸಿಗಬೇಕು, ಪಟ್ಟಿ ಕೈಗೆ ಸಿಗಬೇಕೆಂದರೆ ಬಾದಶಾ ಎಲ್ಲಿದ್ದಾನೆಂದು ಗೊತ್ತಿರಬೇಕು, ಗೊತ್ತಿದ್ದರೆ ತಮ್ಮ ಗೊಡವೆ ನಮಗೆ ಯಾಕೆ ಬೇಕಿತ್ತು ಸ್ವಾಮಿ?

ಊರಲ್ಲೇ ಇದ್ದು ಸುದ್ದಿ ತಿಳಿದು ಬಂದ ಸಾಬಮ್ಮ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಬಾದಶಾ ಇದರಲ್ಲೇ ಕಾಣುತ್ತಾನೆಂದು ಅವಳಿಗೆ ಹೇಳಿದ್ದವನು ನಾನೇ. ಹೊತ್ತು ಮುಳುಗುವವರೆಗೂ ಕಣ್ಣು ಕೀಳಲಿಲ್ಲ. "ಹಸರ ಅದಲ್ಲ ಜೈಪಾಲ, ಅಂದ್ರ ಚಲೋ ಅದ ಅಂತೇನು?" ಎಂದು ಕೇಳಿದಳು. ಯಂತ್ರ ಚಲೋ ಅದ ಅವ್ವಾ, ಎಂದೆ. ಅದಕ್ಕಿಂತ ಹೆಚ್ಚಿನ ಮಾತು ತಮ್ಮ ಪುಟದಲ್ಲಿ ಎಲ್ಲೂ ಇರಲಿಲ್ಲ.

ಮಂಗಳವಾರ ಸುನೀಲನೇ ನಡೆದು ಹುಡುಕಿದ. ಬೊಮ್ರಾಸಪೇಟಿನ ಹತ್ತಿರದ ಒಂದು ಜೋಳದ ಹೊಲದಲ್ಲಿ ಅರ್ಧ ಹಿಂಡು ಸತ್ತು ಬಿದ್ದಿತ್ತು. ಮುಂದಾಳಾದ್ದರಿಂದ ಮೊದಲು ಬಾಯಿ ಹಾಕಿದವನು ಬಾದಶಾನೇ ಇರಬೇಕು. ಆ ಸಂಜೆಯೇ ತಮ್ಮಿಂದ ಒಂದು ಮೇಲ್ ಬಂತು: ನಮ್ಮ ಯಂತ್ರಕ್ಕೆ ಹೆಚ್ಚಿನ ಕೆಲಸವಿಲ್ಲದಿರುವುದನ್ನು ತಾವು ಗಮನಿಸಿದ್ದೀರಂತೆ, ಇನ್ನೂ ಚಿಕ್ಕದೊಂದು ಸಾಕಾಗಬಹುದಂತೆ. ಸಾಹೇಬರೇ, ನನಗೆ ಸಿಟ್ಟು ಬಂದಿದೆ. ಇಷ್ಟು ಹೊತ್ತು ಮರ್ಯಾದೆಯಿಂದ ಬರೆಯುತ್ತಿರುವುದರಿಂದ ಅದು ತಮಗೆ ಕಾಣದೆ ಹೋಗಬಾರದೆಂದು ಹೇಳುತ್ತಿದ್ದೇನೆ.

ಆದ್ದರಿಂದ ಸಂಘದ ವಿನಂತಿಗಳು ಹೀಗಿವೆ. 'ನಿಲ್ಲಿಸು' ಮತ್ತು 'ಅಳಿಸು' ಗುಂಡಿಗಳ ನಡುವೆ 'ಸೋಮವಾರ' ಎಂಬುದೊಂದು ಗುಂಡಿ ಇಡುವುದು, ಅದನ್ನು ಒತ್ತಿದರೆ ಯಂತ್ರವು ವಿಶ್ರಾಂತಿ ಪಡೆದು ಮರುದಿನ ಅದೇ ಜಾಗದಲ್ಲಿ ಸಿಗುವುದು. ಯಂತ್ರ ನಡೆಯುತ್ತಿದೆಯೇ ಎಂದು ಹೇಳುವ ಹಸಿರು ದೀಪದ ಪಕ್ಕದಲ್ಲಿ, ಅದರಿಂದ ಯಾರಿಗಾದರೂ ಉಪಯೋಗವಾಗುತ್ತಿದೆಯೇ ಎಂದು ಹೇಳುವ ಇನ್ನೊಂದು ದೀಪ ಹಚ್ಚುವುದು. ಕುರಿ ತಪ್ಪಿಸಿಕೊಂಡ ದಿನ ಮೋಡವು ಸ್ವತಃ ಇಳಿದುಬಂದು ಹೊಲದ ಬದುವಿನ ಮೇಲೆ ಕೋಲು ಹಿಡಿದು ನಿಲ್ಲುವುದು. ಇವು ಯಾವುವೂ ಆಗದಿದ್ದರೆ, ತಾವೇ ನಾಗಲಗಿದ್ದಕ್ಕೆ ದಯಮಾಡಿಸಿ, ಯಂತ್ರದ ಆರೋಗ್ಯ ಉತ್ತಮವಾಗಿದೆ ಎಂಬ ಸಂಗತಿಯನ್ನು ಸಾಬಮ್ಮನ ಮುಂದೆ ನಿಂತು ಹೇಳುವುದು. ನನ್ನಿಂದ ಇನ್ನೊಮ್ಮೆ ಹೇಳಲಾಗದು.

ಬೇರೆ ಬಾಗಿಲು ಗೊತ್ತಿಲ್ಲದ ಕಾರಣಕ್ಕೆ ಇನ್ನೂ

ತಮ್ಮ ವಿಶ್ವಾಸಿ,
ಜೈಪಾಲ
ಕಾರ್ಯದರ್ಶಿ, ಕುರಿಗಾರರ ಸಂಘ, ನಾಗಲಗಿದ್ದ

ತಾ.ಕ.: ನಮ್ಮ ಹಳೆಯ ವಿಳಾಸವನ್ನು ತಾವು ಈಗ ಬೇರೆ ಯಾರಿಗೋ ಕೊಟ್ಟಿದ್ದೀರೆಂದು ಶಿಲ್ಪಾರಾಣಿ ಹೇಳುತ್ತಾಳೆ. ಬಾದಶಾನ ಪಟ್ಟಿಯನ್ನು ಮನೆಗೆ ತರಲು ಸಾಬಮ್ಮ ಒಪ್ಪಲಿಲ್ಲ, ಅವನನ್ನು ಹೂತ ಕುಣಿಯ ಪಕ್ಕದ ಬೇವಿನ ಟೊಂಗೆಗೆ ಕಟ್ಟಿ ಬಂದಳು. ಬಿಸಿಲಿರುವವರೆಗೆ ಅದು ತಾನಿರುವ ಜಾಗವನ್ನು ಆ ಮಹಾಶಯರಿಗೆ ತಿಳಿಸುತ್ತಲೇ ಇರುತ್ತದೆ. ಅವರು ಯಾರೇ ಇರಲಿ, ಟಗರು ಕದಲುತ್ತಿಲ್ಲವೆಂದು ಗಾಬರಿಯಾಗಿ ಹುಡುಕಲು ಯಾರನ್ನೂ ಕಳಿಸುವುದು ಬೇಡ, ಅದು ಎಲ್ಲಿದೆಯೆಂದು ಈಗ ನಮಗೆ ಗೊತ್ತಿದೆ ಎಂದು ದಯವಿಟ್ಟು ತಿಳಿಸಿ.